ತೋಟದ ಮೊದಲ ಎಟಿವಿಗೆ ಯಾವ ಸಲಕರಣೆ

ಕಾಫಿ ತೋಟದಲ್ಲಿ ಎಟಿವಿಯ ಕೆಲಸ ಜೀಪು ನಿಂತ ಜಾಗದಿಂದ ಆಚೆಗೆ ಶುರುವಾಗುತ್ತದೆ. ಗಾಡಿಯ ಅಗಲ ಸುಮಾರು ನಾಲ್ಕು ಅಡಿ. ತೋಟದೊಳಗಿನ ಕಾಲುದಾರಿಯನ್ನು ಒಂದಿಷ್ಟು ಅಗಲಿಸಿದರೆ ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಇಳಿಜಾರು ತೋಟಗಳ ಮೂಲೆಗೂ ಅದು ತಲುಪುತ್ತದೆ. ಅಂಗಡಿಯಿಂದ ಬರುವಾಗ ಸೀಟು, ಹೆಡ್‌ಲೈಟು, ಹಿಂದೆ ಮುಂದೆ ಒಂದೊಂದು ಕಂಬಿಯ ರ‍್ಯಾಕ್ ಬಿಟ್ಟರೆ ಬೇರೆ ಹೆಚ್ಚೇನೂ ಇರುವುದಿಲ್ಲ. ಉಳಿದದ್ದನ್ನು ಕೊಳ್ಳುವವರೇ ಆರಿಸಬೇಕು. ಆದರೆ ಕಂಪನಿಗಳ ಕ್ಯಾಟಲಾಗುಗಳು ಹೆಚ್ಚಾಗಿ ಉತ್ತರ ಅಮೆರಿಕದ ಬೇಟೆಗಾರರನ್ನೂ ಹಿಮದ ಊರಿನವರನ್ನೂ ಮನಸ್ಸಿನಲ್ಲಿಟ್ಟು ತಯಾರಾದವು. ಹಿಮ ತಳ್ಳುವ ಹಲಗೆ, ಕೈ ಬಿಸಿಮಾಡುವ ಹಿಡಿಕೆ, ಬಂದೂಕಿನ ಪೆಟ್ಟಿಗೆ ಮಲೆನಾಡಿಗೆ ಬೇಡ. ಮುಂಗಾಜು ಕೂಡ ಬೇಡ. ಮಳೆಯಲ್ಲಿ ಮಬ್ಬಾಗುತ್ತದೆ, ಗಿಡದ ರೆಕ್ಕೆಗಳಿಗೆ ತಗಲಿ ಒಡೆಯುತ್ತದೆ. ಇಲ್ಲಿನ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ತೋಟದ ವರ್ಷಚಕ್ರ: ಬೇಸಿಗೆಯ ಕೊನೆಗೆ ಮರಗಸಿ ಮತ್ತು ಮದ್ದು, ಜೂನ್‌ನಿಂದ ಕೆಸರು, ಚಳಿಗಾಲದಲ್ಲಿ ಕೊಯ್ಲು.

ಮೊದಲ ಹಣ ಸವಾರನ ಮೈಮೇಲೆ ಹೋಗಬೇಕು. ತೋಟದೊಳಗೆ ಪೊಲೀಸರಿಲ್ಲ, ವೇಗವೂ ಕಡಿಮೆ ಎಂದು ಹೆಲ್ಮೆಟ್ ಬಿಡುವ ರೂಢಿ ಬಹಳ ಅಪಾಯಕಾರಿ. ಎಟಿವಿ ಮಗುಚುವುದಕ್ಕೆ ವೇಗ ಬೇಕಿಲ್ಲ. ಇಳಿಜಾರಿನಲ್ಲಿ ಮೇಲ್ಬದಿಯ ಚಕ್ರ ಒಂದು ಕಾಫಿ ಬುಡವನ್ನು ಹತ್ತಿದರೂ ಸಾಕು. ಐಎಸ್ 4151 ಗುರುತಿರುವ ಹೆಲ್ಮೆಟ್ ಬೇಕೇ ಬೇಕು. ನೆರಳಿನ ಒದ್ದೆ ಗಾಳಿಯಲ್ಲಿ ಪೂರ್ತಿ ಮುಚ್ಚಿದ ಹೆಲ್ಮೆಟ್ಟಿನ ಗಾಜು ಉಸಿರಿಗೆ ಮಂಜಾಗುವುದರಿಂದ, ಗಲ್ಲದ ರಕ್ಷಣೆಯಿದ್ದು ಮುಂದೆ ತೆರೆದಿರುವ ಆಫ್‌ರೋಡ್ ಮಾದರಿ ಮತ್ತು ಜೊತೆಗೊಂದು ಕನ್ನಡಕ ಹೆಚ್ಚು ಅನುಕೂಲ. ತೋಟದಲ್ಲಿ ಎಲ್ಲರೂ ಹಾಕುವ ಗಮ್‌ಬೂಟು ಜಿಗಣೆಗೆ ಸರಿ, ಸವಾರಿಗೆ ಸಾಲದು. ಕೆಸರು ಹತ್ತಿದ ಅಡಿ ಪಾದದಾನಿಯಿಂದ ಜಾರಿದರೆ ಕಾಲು ಹಿಂದಿನ ಚಕ್ರದ ಕಡೆಗೇ ಹೋಗುತ್ತದೆ. ಹರಡು ಮುಚ್ಚುವ, ಅಡಿಯಲ್ಲಿ ಆಳವಾದ ಗೆರೆಗಳಿರುವ ಬೂಟು ಬೇಕು.

ಒಂದೇ ಸೀಟಿನ ಎಟಿವಿಯಲ್ಲಿ ಇನ್ನೊಬ್ಬರನ್ನು ಕೂರಿಸುವ ಸಲಕರಣೆ ಯಾವುದೇ ಇರಲಿ, ಅದನ್ನು ಕೊಳ್ಳಬಾರದು. ಈ ಗಾಡಿಯನ್ನು ಅರ್ಧ ಓಡಿಸುವುದು ಸವಾರನ ಮೈಭಾರ: ಹತ್ತುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ, ಅಡ್ಡ ಇಳಿಜಾರಿನಲ್ಲಿ ಮೇಲ್ಬದಿಗೆ ವಾಲಬೇಕು. ಹಿಂದೆ ಒಬ್ಬರು ಕೂತರೆ ಅದಕ್ಕೆ ಜಾಗವೂ ಇಲ್ಲ, ಸಮತೋಲವೂ ಇಲ್ಲ. ರೈಟರನ್ನೋ ಆಳನ್ನೋ ಹಿಂದಿನ ರ‍್ಯಾಕಿನ ಮೇಲೆ ಕೂರಿಸಿಕೊಂಡು ಹೋಗುವುದನ್ನು ಮೊದಲ ದಿನವೇ ನಿಲ್ಲಿಸಬೇಕು.

ಮಗುಚಿದ ಗಾಡಿ ಸವಾರನ ಮೇಲೆ ಪೂರ್ತಿ ಕೂರದಂತೆ ತಡೆಯುವ ಕಮಾನು ಸೀಟಿನ ಹಿಂದೆ ಬರುತ್ತದೆ. ಕೃಷಿ ಕೆಲಸದಲ್ಲಿ ಎಟಿವಿಯಿಂದ ಸಾವುಗಳನ್ನು ಕಂಡ ಆಸ್ಟ್ರೇಲಿಯ, 2021ರ ಅಕ್ಟೋಬರಿನಿಂದ ಮಾರುವ ಹೊಸ ಸಾಮಾನ್ಯ ಬಳಕೆಯ ಗಾಡಿಗಳಿಗೆ ಇದನ್ನು ಕಡ್ಡಾಯ ಮಾಡಿದೆ. ತಗ್ಗಿದ ರೆಂಬೆಗಳಿಗೆ ಕಮಾನು ಸಿಕ್ಕಿಕೊಳ್ಳುತ್ತದೆ ಎಂಬ ದೂರು ನಿಜ. ಅದಕ್ಕೆ ಉಪಾಯ ದಾರಿಯ ಮೇಲಿನ ರೆಂಬೆಗಳನ್ನು ಸವರಿಸುವುದು, ಕಮಾನನ್ನು ಬಿಡುವುದಲ್ಲ.

ಮೊದಲ ಮಳೆಗಾಲ ಕಳೆದವರೆಲ್ಲ ಒಪ್ಪುವ ಸಲಕರಣೆ ವಿಂಚ್. ತೋಟದ ದೂರದ ಪಟ್ಟೆಯಲ್ಲಿ ಚಕ್ರ ಹೂತರೆ ಎಳೆಯಲು ಇನ್ನೊಂದು ವಾಹನ ಅಲ್ಲಿಗೆ ಬರುವಂತಿರುವುದಿಲ್ಲ. ಆ ಜಾಗಕ್ಕೆ ಬೇರಾವುದೂ ಬರುವುದಿಲ್ಲವೆಂದೇ ಎಟಿವಿ ಕೊಂಡದ್ದು. ಅಳತೆಯ ಲೆಕ್ಕ ಸರಳ: ಗಾಡಿ, ಸವಾರ, ಹೊರೆ ಎಲ್ಲ ಸೇರಿದ ತೂಕದ ಒಂದೂವರೆ ಪಟ್ಟು. ಸುಮಾರು 320 ಕಿಲೋ ಗಾಡಿಗೆ ಸವಾರನನ್ನೂ ನೂರು ಕಿಲೋ ಸಾಮಾನನ್ನೂ ಸೇರಿಸಿದರೆ 500 ಕಿಲೋ, ಅಂದರೆ 750 ಕಿಲೋ ಎಳೆತ ಕನಿಷ್ಠ. 2,500 ಪೌಂಡಿನ, ಅಂದರೆ ಸುಮಾರು 1,130 ಕಿಲೋ ಎಳೆಯುವ ವಿಂಚ್ ಇದಕ್ಕೆ ಸಾಕು. ಆದರೆ ಆ ಅಂಕಿ ರಾಟೆಯ ಮೇಲೆ ಒಂದೇ ಪದರ ಹಗ್ಗ ಉಳಿದಾಗಿನದು. ಪದರದ ಮೇಲೆ ಪದರ ಸುತ್ತಿಕೊಂಡಂತೆ ಎಳೆತ ಇಳಿಯುತ್ತದೆ. ಹಾಗಾಗಿ ಹಗ್ಗವನ್ನು ಸಾಧ್ಯವಾದಷ್ಟು ಬಿಚ್ಚಿ ದೂರದ ಮರಕ್ಕೆ ಕಟ್ಟುವುದು ಒಳ್ಳೆಯದು. ಕೊನೆಯ ಐದಾರು ಸುತ್ತು ಮಾತ್ರ ಯಾವಾಗಲೂ ರಾಟೆಯ ಮೇಲೆ ಉಳಿಯಬೇಕು. ವಿಂಚಿನ ಜೊತೆ ಒಂದು ಬಿಡಿ ಗಾಲಿ ಕೊಂಡರೆ, ಹಗ್ಗವನ್ನು ಅದರ ಮೂಲಕ ಗಾಡಿಗೇ ಮರಳಿಸಿ ಎಳೆತವನ್ನು ಹೆಚ್ಚುಕಡಿಮೆ ಇಮ್ಮಡಿಸಬಹುದು.

ಉಕ್ಕಿನ ಹಗ್ಗಕ್ಕಿಂತ ಸಿಂಥೆಟಿಕ್ ಹಗ್ಗ ಹಗುರ. ಕೈಗೆ ಎಳೆ ಚುಚ್ಚುವುದಿಲ್ಲ, ತುಂಡಾದರೆ ಅಷ್ಟು ಜೋರಾಗಿ ಹಿಂದಕ್ಕೆ ಹೊಡೆಯುವುದಿಲ್ಲ. ಬಂಡೆಗೆ ಉಜ್ಜಿದರೆ ಸವೆಯುತ್ತದೆ, ಮಣ್ಣು ಎಳೆಯೊಳಗೆ ಹೊಕ್ಕರೆ ಒಳಗಿನಿಂದ ಕೊಯ್ಯುತ್ತದೆ. ಮಳೆಗಾಲದಲ್ಲಿ ಆಗಾಗ ಬಿಚ್ಚಿ ತೊಳೆದು ಒಣಗಿಸುವವರಿಗೆ ಮಾತ್ರ ಅದು ಸರಿ. ಎರಡಕ್ಕೂ ಬೇಕಾದದ್ದು ಮರಕ್ಕೆ ಸುತ್ತುವ ಅಗಲವಾದ ಪಟ್ಟಿ. ಹಗ್ಗವನ್ನು ಮರಕ್ಕೆ ನೇರ ಸುತ್ತಿದರೆ ತೊಗಟೆ ಸೀಳಿ ಹೋಗುತ್ತದೆ, ಸಿಲ್ವರ್ ಓಕಿನ ಮೇಲೆ ಹಬ್ಬಿದ ಕಾಳುಮೆಣಸಿನ ಬಳ್ಳಿಯಂತೂ ಬುಡದಲ್ಲೇ ಕತ್ತರಿಸಿಹೋಗುತ್ತದೆ. ಬಳ್ಳಿಯಿಲ್ಲದ ಗಟ್ಟಿ ಮರವನ್ನು ಹುಡುಕಿ, ನೆಲಕ್ಕೆ ಹತ್ತಿರವಾಗಿ ಪಟ್ಟಿ ಹಾಕಬೇಕು. ಹಾಲುವಾಣ ಮೆದು ಮರ, ಅದನ್ನು ನಂಬಬಾರದು. ಪೂರ್ತಿ ಹೊರೆಯಲ್ಲಿ ವಿಂಚ್ ನೂರು ಆಂಪಿಯರ್ ಮೀರಿ ಬೇಡುತ್ತದೆ. ಎಂಜಿನ್ ಓಡುತ್ತಿರಲಿ, ಸ್ವಲ್ಪ ಎಳೆದು ಸ್ವಲ್ಪ ನಿಲ್ಲಿಸಲಿ.

ವಿಂಚಿಗಿಂತ ತೀರ ಅಗ್ಗವಾದ, ಆದರೂ ಹೆಚ್ಚಿನವರು ಮರೆಯುವ ವಸ್ತು ಕಡಿಮೆ ಒತ್ತಡದ ಗಾಳಿ ಮಾಪಕ. ಎಟಿವಿ ಟಯರಿನಲ್ಲಿರುವುದು ಸುಮಾರು 5ರಿಂದ 7 ಪಿಎಸ್‌ಐ. ಕಾರಿನ ಮಾಪಕಕ್ಕೆ ಈ ಅಂಕಿ ಸರಿಯಾಗಿ ತಿಳಿಯದು, ಪೆಟ್ರೋಲ್ ಬಂಕಿನಲ್ಲಿ ಅಂದಾಜಿಗೆ ತುಂಬಿಸಿದರೆ ಗಾಡಿ ಪುಟಿಯುತ್ತದೆ, ಕೆಸರಿನಲ್ಲಿ ಹಿಡಿತ ಹೋಗುತ್ತದೆ. ಎಡ ಬಲ ಟಯರುಗಳಲ್ಲಿ ಗಾಳಿ ಹೆಚ್ಚುಕಡಿಮೆಯಾದರೆ ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತದೆ. ಮಾಪಕ, 12 ವೋಲ್ಟಿನ ಚಿಕ್ಕ ಪಂಪು, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಸೀಟಿನ ಕೆಳಗೆ ಸದಾ ಇರಬೇಕು.

ಗಾಡಿಯ ಹೊಟ್ಟೆಗೆ ಹಾಕುವ ಸ್ಕಿಡ್ ಪ್ಲೇಟ್ ತೋಟದಲ್ಲಿ ವ್ಯರ್ಥವಲ್ಲ. ಕಡಿದ ಕಾಫಿ ಬುಡಗಳು, ಮರಗಸಿಯ ಮೊನಚು ಕೋಲುಗಳು ಎಲೆಯಡಿ ಕಾಣುವುದಿಲ್ಲ. ಅಲ್ಯೂಮಿನಿಯಂ ತಗಡು ಬಂಡೆಗೆ ತಗ್ಗಾಗುತ್ತದೆ; ದಪ್ಪ ಪ್ಲಾಸ್ಟಿಕ್ ಜಾರಿಕೊಂಡು ಹೋಗುತ್ತದೆ, ಸದ್ದೂ ಕಡಿಮೆ. ಒಳಗೆ ಕೆಸರು ಕೂಡುವುದರಿಂದ ನೀರು ಹಾಯಿಸಿ ತೊಳೆಯಲು ತೂತುಗಳಿವೆಯೇ ನೋಡಬೇಕು.

ಹೊರೆಯ ಸಲಕರಣೆಗಳಲ್ಲಿ ಅವಸರ ಬೇಡ. ಒಂದು ಮಳೆಗಾಲ, ಒಂದು ಕೊಯ್ಲು ಮುಗಿದ ಮೇಲೆ ಕೊಳ್ಳುವುದು ಮೇಲು. ಮಧ್ಯಮ ಗಾತ್ರದ ಗಾಡಿಯ ಮುಂದಿನ ರ‍್ಯಾಕ್ ಸುಮಾರು 40 ಕಿಲೋ, ಹಿಂದಿನದು ಸುಮಾರು 80 ಕಿಲೋ ತಾಳುತ್ತದೆ. ನಿಖರ ಅಂಕಿ ಗಾಡಿಯ ಮೇಲಿನ ಚೀಟಿಯಲ್ಲೇ ಇರುತ್ತದೆ. ಪೆಟ್ಟಿಗೆಯನ್ನೋ ಟ್ಯಾಂಕನ್ನೋ ಕೂರಿಸಿದರೆ ಅದರ ತೂಕವೂ ಈ ಲೆಕ್ಕಕ್ಕೆ ಸೇರುತ್ತದೆ. ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಅಷ್ಟನ್ನೂ ಹಿಂದಿನ ರ‍್ಯಾಕಿಗೆ ಏರಿಸಿದರೆ ನೂರು ಕಿಲೋ ದಾಟಿತು. ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಗಾಡಿ ಹಿಂದಕ್ಕೆ ಎದ್ದುಬಿಡಬಹುದು. ಅರ್ಧ ಖಾಲಿಯಾದ ಟ್ಯಾಂಕು ಇನ್ನೊಂದು ಬಗೆಯಲ್ಲಿ ಅಪಾಯ; ತಿರುವಿನಲ್ಲಿ ದ್ರಾವಣ ಒಂದೇ ಬದಿಗೆ ನುಗ್ಗುತ್ತದೆ. ರ‍್ಯಾಕಿನ ಮೇಲೆ 50 ಲೀಟರಿಗಿಂತ ದೊಡ್ಡ ಟ್ಯಾಂಕು ಬೇಡ, ಅದಕ್ಕೂ ಒಳಗೆ ಅಡ್ಡಗೋಡೆಗಳಿರಬೇಕು. ಮೈಲುತುತ್ತದ ನೀರು ಉಕ್ಕನ್ನು ತಿನ್ನುವುದರಿಂದ ಕೆಲಸ ಮುಗಿದ ಸಂಜೆಯೇ ಗಾಡಿಯನ್ನು ತೊಳೆಯಬೇಕು.

ಹಣ್ಣಿನ ಮೂಟೆಗೆ, ಗೊಬ್ಬರಕ್ಕೆ ಟ್ರೇಲರೇ ಸರಿ. ತಗ್ಗಾದ ಮೈ, ಅಗಲ ಟಯರು ಇರುವುದನ್ನು ಆರಿಸಬೇಕು. ಒಟ್ಟು ತೂಕದ ಹತ್ತನೆಯ ಒಂದು ಭಾಗದಷ್ಟು ಕೊಂಡಿಯ ಮೇಲೆ ಬೀಳುವಂತೆ ಮೂಟೆಗಳನ್ನು ಮುಂಭಾಗಕ್ಕೆ ಸರಿಸಿ ಹೇರಬೇಕು. ಎಳೆಯುವ ಶಕ್ತಿ ಐನೂರು ಕಿಲೋ ಎಂದು ಬರೆದಿದ್ದರೂ ಅದು ಸಮನೆಲದ ಮಾತು. ಬ್ರೇಕಿಲ್ಲದ ಟ್ರೇಲರ್ ಒದ್ದೆ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಿನಿಂದ ದೂಡುತ್ತದೆ. ಕಣದ ಕಡೆ ಇಳಿಯುವ ದಾರಿಯಲ್ಲಿ ಅರ್ಧ ಹೊರೆ, ಲೋ ಗೇರು, ಎಂಜಿನ್ನಿನದೇ ತಡೆ: ಇಷ್ಟರಲ್ಲಿ ಇಳಿಯಬೇಕು. ಹೆಚ್ಚಿನ ಎಟಿವಿಗಳು ಸಾರ್ವಜನಿಕ ರಸ್ತೆಗೆ ನೋಂದಣಿಯಾಗುವುದಿಲ್ಲ. ಎರಡು ಪಟ್ಟೆಗಳ ನಡುವೆ ರಸ್ತೆ ಹಾದುಹೋಗುವ ತೋಟದವರು ದೊಡ್ಡ ಟ್ರೇಲರ್ ಕೊಳ್ಳುವ ಮುಂಚೆ ಇದನ್ನು ವಿಚಾರಿಸಿಕೊಳ್ಳಬೇಕು.

ಹೆಚ್ಚುವರಿ ದೀಪಗಳು ಕೊನೆಗೆ ಬರಲಿ. ತೋಟದ ಕೆಲಸ ಹಗಲಿನದು. ಎತ್ತರದಲ್ಲಿ ಕೂರಿಸಿದ ಎಲ್‌ಇಡಿ ಪಟ್ಟಿ ಮಂಜಿನಲ್ಲಿ ಸವಾರನ ಕಣ್ಣಿಗೇ ಬೆಳಕು ಹೊಡೆಯುತ್ತದೆ. 120 ವಾಟ್ ದೀಪ ಹತ್ತು ಆಂಪಿಯರ್ ತಿನ್ನುತ್ತದೆ, ವಿಂಚಿಗೆ ಬೇಕಾದ ಬ್ಯಾಟರಿಯನ್ನೇ ಅದು ಬಳಲಿಸುತ್ತದೆ. ಅದೇ ದುಡ್ಡಿನಲ್ಲಿ ಒಂದು ಬ್ಯಾಟರಿ ಚಾರ್ಜರು ಮತ್ತು ಒಂದು ಬಿಡಿ ಡ್ರೈವ್ ಬೆಲ್ಟು ಕೊಂಡಿಟ್ಟರೆ ಲೇಸು. ಬಹುಪಾಲು ಎಟಿವಿಗಳು ಬೆಲ್ಟಿನ ಮೇಲೆ ಓಡುವಂಥವು. ಹಳ್ಳ ದಾಟುವಾಗ ನೀರು ಹೊಕ್ಕರೆ ಬೆಲ್ಟು ಜಾರುತ್ತದೆ, ಕಾದು ಸುಟ್ಟರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬೆಲ್ಟು ಬದಲಿಸುವ ಸಲಕರಣೆಯನ್ನೂ ಜೊತೆಗೇ ಕೊಂಡು, ಕೊಟ್ಟಿಗೆಯಲ್ಲಿ ಒಮ್ಮೆ ಬಿಚ್ಚಿ ಹಾಕಿ ಕೈ ಪಳಗಿಸಿಕೊಳ್ಳಬೇಕು.

ಯಾವುದೇ ಸಲಕರಣೆ ಕೂರಿಸಿದ ಮೊದಲ ಕೆಲವು ಸವಾರಿಗಳಲ್ಲಿ ಅದುರುವಿಕೆಗೆ ಬೋಲ್ಟುಗಳು ಸಡಿಲವಾಗುತ್ತವೆ. ವಿಂಚಿನ ತಳ, ಕಮಾನಿನ ಕಾಲು, ಟ್ರೇಲರ್ ಕೊಂಡಿ ಈ ಮೂರನ್ನು ಪ್ರತಿ ಸವಾರಿಯ ನಂತರ ಬಿಗಿಯಾಗಿವೆಯೇ ನೋಡಬೇಕು. ಮಳೆಗಾಲಕ್ಕೆ ಮುಂಚೆ ವೈರಿನ ಜೋಡಣೆಗಳಿಗೆಲ್ಲ ಗ್ರೀಸ್ ಸವರಬೇಕು.