ಥಾಣೆಗೆ ಶುಕ್ರವಾರ ರಜೆ, ಮುಲುಂಡ್‌ಗೆ ಸೋಮವಾರ: ಡೇಟಾಬೇಸ್‌ಗೆ ತಿಳಿಸುವುದು ಹೇಗೆ?

2025ರ ಈದ್-ಎ-ಮಿಲಾದ್ ರಜೆ ಮಹಾರಾಷ್ಟ್ರ ಸರಕಾರದ ಪಟ್ಟಿಯಲ್ಲಿ ಸೆಪ್ಟೆಂಬರ್ 5, ಶುಕ್ರವಾರ ಎಂದಿತ್ತು. ಮರುದಿನವೇ ಅನಂತ ಚತುರ್ದಶಿ, ಗಣಪತಿ ವಿಸರ್ಜನೆಯ ಗದ್ದಲ. ಹಾಗಾಗಿ ಮುಂಬಯಿ ನಗರ ಹಾಗೂ ಉಪನಗರ ಜಿಲ್ಲೆಗಳಿಗೆ ಮಾತ್ರ ರಜೆಯನ್ನು 8ರ ಸೋಮವಾರಕ್ಕೆ ಮುಂದೂಡಿದರು. ಬೇರೆ ಜಿಲ್ಲೆಗಳಿಗೆ 5ನೇ ತಾರೀಕೇ ಖಾಯಂ. ಉಪನಗರ ಜಿಲ್ಲೆಯ ಮುಲುಂಡ್‌ನಲ್ಲಿ ಒಂದು, ಥಾಣೆಯಲ್ಲಿ ಒಂದು, ಡೊಂಬಿವಲಿಯಲ್ಲಿ ಒಂದು ಶಾಖೆ ಇಟ್ಟುಕೊಂಡ ಕ್ರೆಡಿಟ್ ಸೊಸೈಟಿಯ ಸಾಫ್ಟ್‌ವೇರ್ ಸಾಲದ ಕಂತಿನ ಗಡುವನ್ನು ಯಾವ ರಜೆ ಹಿಡಿದು ಲೆಕ್ಕ ಹಾಕಬೇಕು? ರಜೆಗಳನ್ನು ಪ್ರೋಗ್ರಾಮಿನೊಳಗೇ ಬರೆದಿಟ್ಟವರಿಗೆ ಇಲ್ಲಿ ಉತ್ತರ ಸಿಗದು. ಕ್ಯಾಲೆಂಡರ್ ಟೇಬಲ್ ಬೇಕು.

ಮೊದಲು ದಿನಕ್ಕೊಂದು ಸಾಲಿನ ಟೇಬಲ್ ಮಾಡಿ. 2021ರಿಂದ 2030ರವರೆಗೆ ಹಾಕಿದರೂ 3,652 ಸಾಲು ಅಷ್ಟೇ. ಜಾಗ ಹಿಡಿಯುತ್ತದೆಂದು ಜಿಪುಣತನ ಬೇಡ. ವಾರ, ತಿಂಗಳು, ಏಪ್ರಿಲ್‌ನಿಂದ ಶುರುವಾಗುವ ಹಣಕಾಸು ವರ್ಷ ಇವೆಲ್ಲ ಕಾಲಂಗಳು. ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರದ ರಜೆ 2015ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಇದನ್ನು ಕೈಯಿಂದ ತುಂಬಬೇಕಿಲ್ಲ: 8ರಿಂದ 14ರೊಳಗೆ ಬರುವ ಶನಿವಾರ ಎರಡನೆಯದು, 22ರಿಂದ 28ರೊಳಗಿನದು ನಾಲ್ಕನೆಯದು.

ಹಬ್ಬಗಳಿಗೆ ಮಾತ್ರ ಸೂತ್ರ ಬರೆಯಲು ಹೋಗಬೇಡಿ. ಯುಗಾದಿಗೆ ಪಂಚಾಂಗ, ಈದ್‌ಗೆ ಚಂದ್ರದರ್ಶನ, ಕಡೆಗೆ ಎಲ್ಲಕ್ಕೂ ಸರಕಾರಿ ಆದೇಶ. ಅವುಗಳಿಗೆ ಪ್ರತ್ಯೇಕ ಟೇಬಲ್ ಇರಲಿ: ದಿನಾಂಕ, ಪ್ರದೇಶ, ರಜೆಯ ಬಗೆ, ಹೆಸರು, ಆದೇಶದ ತಾರೀಕು. ಮೊದಲ ಮೂರೂ ಸೇರಿ ಪ್ರೈಮರಿ ಕೀ. ದಿನಾಂಕವೊಂದನ್ನೇ ಕೀ ಮಾಡಿದರೆ ಮುಲುಂಡ್ ಮತ್ತು ಥಾಣೆ ಬೇರೆಯಾಗುವುದೇ ಇಲ್ಲ.

ಪ್ರದೇಶವೆಂದರೆ ಊರಿನ ಹೆಸರಲ್ಲ. ನವಿಮುಂಬಯಿಯನ್ನೇ ನೋಡಿ: ವಾಶಿ, ಬೇಲಾಪುರ ಥಾಣೆ ಜಿಲ್ಲೆಗೆ ಸೇರಿದರೆ, ಖಾರ್‌ಘರ್, ಪನ್ವೇಲ್ ರಾಯಗಡಕ್ಕೆ. ಜಿಲ್ಲೆಯೂ ಸಾಲದ ಸಂದರ್ಭಗಳಿವೆ: ಮತದಾನದ ರಜೆ ಲೋಕಸಭಾ ಕ್ಷೇತ್ರವನ್ನು ಹಿಡಿದು ಬರುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಡೊಂಬಿವಲಿ, ಥಾಣೆ, ವಾಶಿಯಲ್ಲಿ ಮತದಾನ ಮೇ 20ಕ್ಕೆ. ಮಾವಳ್ ಕ್ಷೇತ್ರದೊಳಗಿನ ಪನ್ವೇಲ್‌ನಲ್ಲಿ ಮೇ 13ಕ್ಕೇ ಮುಗಿದಿತ್ತು. ಆದ್ದರಿಂದ ಶಾಖೆಗಳ ಟೇಬಲ್‌ನಲ್ಲಿ ರಾಜ್ಯ, ಜಿಲ್ಲೆ, ಲೋಕಸಭಾ ಕ್ಷೇತ್ರ ಮೂರನ್ನೂ ನಮೂದಿಸಿ.

ರಜೆಯ ಬಗೆಯನ್ನೂ ಸಡಿಲ ಬಿಡಬೇಡಿ. ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ರಜಾದಿನಗಳಲ್ಲೂ ಹಗಲು ರಾತ್ರಿ ನಡೆಯುತ್ತಿದೆ; ಕೌಂಟರ್ ಮುಚ್ಚಿದ್ದರೂ ಹಣ ಓಡಾಡುತ್ತದೆ. ಬಾರ್ ಆ್ಯಂಡ್ ರೆಸ್ಟೋರೆಂಟ್‌ಗಳಿಗಂತೂ ಬ್ಯಾಂಕ್ ರಜೆಗಿಂತ ಡ್ರೈ ಡೇ ಮುಖ್ಯ, ಮತದಾನ ಮುಗಿಯುವ ಮುಂಚಿನ 48 ಗಂಟೆ ಸೇರಿ. ಡೊಂಬಿವಲಿಯ ಕಾರ್ಖಾನೆಯೊಂದಕ್ಕೆ ವಾರದ ರಜೆ ಶುಕ್ರವಾರವೆಂದಾದರೆ ಅದೂ ಒಂದು ಬಗೆ.

ಇನ್ನು ಮುಖ್ಯ ಕೆಲಸ. ಈ ಮೂರು ಟೇಬಲ್‌ಗಳಿಂದ ಶಾಖೆವಾರು ಕ್ಯಾಲೆಂಡರ್ ತಯಾರಿಸಿ, ಕೆಲಸದ ದಿನಗಳಿಗೆ ಕ್ರಮಸಂಖ್ಯೆ ಕೊಡಿ. ರಜೆಯ ದಿನಕ್ಕೆ ಹಿಂದಿನ ಸಂಖ್ಯೆಯೇ ಇರಲಿ. 2025ರ ಸೆಪ್ಟೆಂಬರ್ 3, ಬುಧವಾರಕ್ಕೆ 100 ಎಂದಿಟ್ಟುಕೊಳ್ಳೋಣ. ಥಾಣೆಯಲ್ಲಿ 4ಕ್ಕೆ 101, ರಜೆಯ 5ಕ್ಕೂ 101, ಶನಿವಾರ 102, ಭಾನುವಾರ ಮತ್ತೆ 102, 8ರ ಸೋಮವಾರ 103. ಮುಲುಂಡ್‌ನಲ್ಲಿ 5ಕ್ಕೆ 102, ಶನಿವಾರವೇ 103. ‘ಮೂರು ಕೆಲಸದ ದಿನದೊಳಗೆ’ ಎಂಬ ಗಡುವಿಗೆ 103 ಇರುವ ಮೊದಲ ದಿನಾಂಕ ಹುಡುಕಿದರಾಯಿತು: ಥಾಣೆಗೆ 8, ಮುಲುಂಡ್‌ಗೆ 6. ಒಂದೊಂದೇ ದಿನ ಎಣಿಸುವ ಲೂಪ್ ಬೇಕಿಲ್ಲ.

ರಜೆ ದಿಢೀರನೆ ಬರುವುದೂ ಉಂಟು. ಅಯೋಧ್ಯೆಯ ಪ್ರಾಣಪ್ರತಿಷ್ಠೆಗಾಗಿ ಮಹಾರಾಷ್ಟ್ರದಲ್ಲಿ 2024ರ ಜನವರಿ 22ರ ರಜೆ ಘೋಷಣೆಯಾದದ್ದು ಕೆಲವೇ ದಿನ ಮುಂಚೆ. ಇಂಥ ಆದೇಶ ಬಂದಾಗ ಹಳೆಯ ಸಾಲಿದ್ದರೆ ಅದನ್ನು ಅಳಿಸದೆ ‘ರದ್ದು’ ಎಂದು ಗುರುತಿಸಿ, ಹೊಸ ಸಾಲು ಸೇರಿಸಿ, ಆ ದಿನದಿಂದ ಮುಂದಿನ ಕ್ರಮಸಂಖ್ಯೆಗಳನ್ನು ಮತ್ತೆ ಹಾಕಿ. ಗ್ರಾಹಕರಿಗೆ ಆಗಲೇ ತಿಳಿಸಿದ ಗಡುವುಗಳನ್ನು ಮಾತ್ರ ತಾನಾಗಿ ಬದಲಾಗಲು ಬಿಡಬೇಡಿ. ಅವುಗಳ ಪಟ್ಟಿ ತೆಗೆದು ಮ್ಯಾನೇಜರ್ ಕೈಗೆ ಕೊಡಿ.