ಬೆನ್ನುನೋವಿಗೆ ಮೇಲ್ವಿಚಾರಣೆಯ ವ್ಯಾಯಾಮ

ತಾಂಡೂರಿನ ಗಣಿಯಲ್ಲಿ ಹಾಸುಗಲ್ಲು ಎತ್ತುವ ಕೂಲಿಕಾರ, ಜಹೀರಾಬಾದಿನ ಹೊಲದಲ್ಲಿ ಕಬ್ಬು ಕಡಿಯುವವನು, ನಾರಾಯಣಖೇಡದ ಕಡೆ ಬಾಗಿ ತೊಗರಿ ಕೊಯ್ಯುವ ಹೆಣ್ಣುಮಗಳು, ಇವರ ಮಕ್ಕಳಿಗೆ ದಿನವಿಡೀ ನಿಂತು ಪಾಠ ಹೇಳುವ ಶಿಕ್ಷಕ, ಎಲ್ಲರಲ್ಲೂ ಕೇಳಿಬರುವ ದೂರು ಬೆನ್ನುನೋವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತು. ಇವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯಲ್ಲಿ ಮೂಳೆಮುರಿತ, ಸೋಂಕು ಮೊದಲಾದ ನಿರ್ದಿಷ್ಟ ಕಾರಣ ಕಂಡುಬರುವುದಿಲ್ಲ.

ನೋವು ಬಂದಾಗ ಜನ ಮೊದಲು ಹಿಡಿಯುವುದು ಹಾಸಿಗೆಯನ್ನು, ಅನಂತರ ಔಷಧ ಅಂಗಡಿಯ ಗುಳಿಗೆಯನ್ನು, ಕೊನೆಗೆ ಸೊಂಟದ ಪಟ್ಟಿಯನ್ನು. ಹಿಂದೆ ವೈದ್ಯರೂ ವಾರಗಟ್ಟಲೆ ಮಲಗಿರಲು ಹೇಳುತ್ತಿದ್ದುದುಂಟು. ದೀರ್ಘಕಾಲ ಮಲಗಿದರೆ ಬೆನ್ನನ್ನು ಹಿಡಿದಿಡುವ ಸ್ನಾಯುಗಳು ಸೊರಗುತ್ತವೆ, ಬಾಗುವ ಭಯ ಬೆಳೆಯುತ್ತದೆ, ಕೂಲಿಯೂ ತಪ್ಪುತ್ತದೆ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದ ನೋವಿನ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು, ಮೂತ್ರಪಿಂಡವನ್ನೂ ಕೆಡಿಸಬಲ್ಲದು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊರಡಿಸಿದ ಮಾರ್ಗಸೂಚಿಯು, ಬಹುಕಾಲದ ಬೆನ್ನುನೋವಿಗೆ ತಿಳಿವಳಿಕೆ ನೀಡುವುದನ್ನೂ ಕ್ರಮಬದ್ಧ ವ್ಯಾಯಾಮವನ್ನೂ ಸೂಚಿಸಿದೆ. ಸೊಂಟದ ಪಟ್ಟಿಯನ್ನೂ ಭಾರ ಕಟ್ಟಿ ಬೆನ್ನೆಳೆಯುವುದನ್ನೂ ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದಿದೆ.

ವ್ಯಾಯಾಮಕ್ಕೆ ಮುನ್ನ ವೈದ್ಯರ ಪರೀಕ್ಷೆ ಅಗತ್ಯ. ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿನ ಸುತ್ತ ಸ್ಪರ್ಶ ತಿಳಿಯದಾದರೆ, ಕಾಲು ದಿನೇದಿನೇ ಬಲಗುಂದಿದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಎತ್ತರದಿಂದ ಬಿದ್ದ ಮೇಲೆ ಬಂದ ನೋವು, ಇವೂ ಎಚ್ಚರಿಕೆಯ ಗುರುತುಗಳೇ. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಅದನ್ನು ವ್ಯಾಯಾಮದಿಂದ ಗುಣಪಡಿಸಲಾಗದು.

ಮೇಲ್ವಿಚಾರಣೆ ಎಂದರೆ ಪಕ್ಕದಲ್ಲಿ ನಿಂತು ಎಣಿಸುವುದಷ್ಟೇ ಅಲ್ಲ. ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟ ಎತ್ತುವ ಸರಳ ವ್ಯಾಯಾಮದಲ್ಲೂ ಹೊಸಬರು ಉಸಿರು ಬಿಗಿಹಿಡಿಯುತ್ತಾರೆ, ಬೆನ್ನನ್ನು ಅತಿಯಾಗಿ ಬಿಲ್ಲಿನಂತೆ ಬಾಗಿಸುತ್ತಾರೆ. ಅಂಗೈ, ಮೊಣಕಾಲು ಊರಿ ಬಲಗೈಯನ್ನೂ ಎಡಗಾಲನ್ನೂ ಒಮ್ಮೆಗೆ ಚಾಚುವಾಗ ಸೊಂಟ ಒಂದು ಬದಿಗೆ ವಾಲುತ್ತದೆ. ಮಾಡುವವರಿಗೆ ಇದು ತಿಳಿಯದು, ನೋಡುವವರಿಗೆ ತಿಳಿಯುತ್ತದೆ. ಎಷ್ಟರಿಂದ ಆರಂಭಿಸಬೇಕು, ಯಾವಾಗ ಏರಿಸಬೇಕು ಎಂಬ ನಿರ್ಣಯವೂ ಫಿಸಿಯೋಥೆರಪಿಸ್ಟರದೇ. ಉತ್ಸಾಹದಿಂದ ಮೊದಲ ದಿನವೇ ಐವತ್ತು ಸಲ ಮಾಡಿದವನು ಮೂರನೆಯ ದಿನ ಎಲ್ಲವನ್ನೂ ಬಿಟ್ಟಿರುತ್ತಾನೆ. ಸ್ವಲ್ಪ ನೋವು ಕಂಡು ಮರುದಿನ ಬೆಳಗಿನೊಳಗೆ ಇಳಿದರೆ ಸಾಮಾನ್ಯವಾಗಿ ಅಂಜಬೇಕಾಗಿಲ್ಲ. ನೋವು ಬೆನ್ನಿನಿಂದ ಮೊಣಕಾಲಿನ ಕೆಳಗೆ ಇಳಿಯತೊಡಗಿದರೆ ನಿಲ್ಲಿಸಿ ತಿಳಿಸಬೇಕು.

ಆಸ್ಪತ್ರೆಗೆ ದಿನವೂ ಹೋಗುವುದು ಹಳ್ಳಿಯವರಿಗೆ ಆಗದ ಮಾತು. ಆದರೆ ಮೇಲ್ವಿಚಾರಣೆ ದಿನನಿತ್ಯದ್ದೇ ಆಗಬೇಕೆಂದಿಲ್ಲ. ಬೆನ್ನುನೋವಿನಿಂದ ಆಗತಾನೆ ಚೇತರಿಸಿಕೊಂಡ 701 ಮಂದಿಯನ್ನು ಒಳಗೊಂಡ ಆಸ್ಟ್ರೇಲಿಯದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಗುಂಪಿಗೆ ಆರು ತಿಂಗಳಲ್ಲಿ ಆರು ಬಾರಿ ಮಾತ್ರ ಫಿಸಿಯೋಥೆರಪಿಸ್ಟರ ಮಾರ್ಗದರ್ಶನ ದೊರೆಯಿತು. ವ್ಯಾಯಾಮವೆಂದರೆ ಮೆಲ್ಲನೆ ಹೆಚ್ಚಿಸುತ್ತ ಹೋಗುವ ನಡಿಗೆ. ವಾರಕ್ಕೆ ಐದು ದಿನ, ಅರ್ಧ ಗಂಟೆ ತಲುಪುವುದು ಗುರಿ. ನೋವು ಮರುಕಳಿಸಲು ಈ ಗುಂಪಿನಲ್ಲಿ ಮಧ್ಯಮಾಂಕ ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಲ್ಲಿ 112 ದಿನ. ನಡಿಗೆಗೆ ಸಲಕರಣೆ ಬೇಡ, ಹಣ ಬೇಡ. ದಿನವೆಲ್ಲ ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಪಾಲಕರಿಂದ ಬರುವುದು ಸಹಜ. ಗಂಟೆಗಟ್ಟಲೆ ಬಾಗಿ ಕೊಯ್ಯುವುದರಲ್ಲಿ ಒಂದೇ ಭಾಗಕ್ಕೆ ಒಂದೇ ಬಗೆಯ ಹೊರೆ ಬೀಳುತ್ತದೆ, ಅಳತೆಯೂ ಇಲ್ಲ, ಬಿಡುವೂ ಇಲ್ಲ. ವ್ಯಾಯಾಮದಲ್ಲಿ ಎರಡೂ ಇವೆ.

ಗಡಿಭಾಗದಲ್ಲಿ ಇನ್ನೊಂದು ತೊಡಕು ಭಾಷೆಯದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಗಡಿ ಸರಿದರೂ ಎಷ್ಟೋ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಆಸ್ಪತ್ರೆಯ ಮಾತು ಹೆಚ್ಚಾಗಿ ತೆಲುಗು ಇಲ್ಲವೆ ಉರ್ದು. ಕನ್ನಡದ ನಡು, ತೆಲುಗಿನ ನಡುಮು, ಉರ್ದುವಿನ ಕಮರ್ ಒಂದೇ ಜಾಗವನ್ನು ತೋರಿಸುತ್ತವೆ, ಅಲ್ಲಿ ತೊಂದರೆಯಿಲ್ಲ. ನೋವಿನ ಬಗೆಯನ್ನು ಹೇಳುವಾಗ ನಾಲಗೆ ತಡವರಿಸುತ್ತದೆ. ಕಾಲಿಗೆ ಜೋಮು ಹಿಡಿಯುತ್ತದೆ ಎಂದು ಅಜ್ಜಿ ಹೇಳಿದುದನ್ನು ಬರಿಯ ನೋವೆಂದು ತಿಳಿದರೆ ನರದ ತೊಂದರೆ ಗಮನಕ್ಕೆ ಬಾರದೆ ಹೋಗಬಹುದು. ಜೋಮಿಗೆ ತೆಲುಗಿನಲ್ಲಿ ತಿಮ್ಮಿರಿ ಎನ್ನುತ್ತಾರೆ. ಹಾಗೆಯೇ, ಉಸಿರು ಬಿಡುತ್ತ ಎತ್ತಬೇಕೆಂಬ ಸೂಚನೆ ಅರ್ಥವಾಗದವರು ಉಸಿರು ಕಟ್ಟಿಯೇ ಎತ್ತುತ್ತಾರೆ.

ಶಿಕ್ಷಕರು ಫಿಸಿಯೋಥೆರಪಿಸ್ಟರ ಸ್ಥಾನವನ್ನು ವಹಿಸಿಕೊಳ್ಳಕೂಡದು. ಈ ನಡುವಣ ಕೆಲಸವನ್ನು ಮಾತ್ರ ಮಾಡಬಲ್ಲರು. ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ಮಕ್ಕಳಿಂದ ಜೋಮು, ಸೆಳೆತ, ಉರಿ, ಚುಚ್ಚು ಎಂಬ ಪದಗಳನ್ನೂ ಅವುಗಳಿಗೆ ಸಮನಾದ ತೆಲುಗು ಪದಗಳನ್ನೂ ಪಟ್ಟಿಮಾಡಿಸಬಹುದು. ಆಸ್ಪತ್ರೆಯಲ್ಲಿ ಕೊಟ್ಟ ವ್ಯಾಯಾಮದ ಚೀಟಿಯನ್ನು ಮಗುವು ಮನೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ, ಅಜ್ಜಿ ಎಷ್ಟು ಸಲ ಮಾಡಿದಳು, ಎಷ್ಟು ಹೊತ್ತು ನಡೆದಳು, ನೋವು ಎಲ್ಲಿಯವರೆಗೆ ಇಳಿಯಿತು ಎಂದು ದಿನಾಂಕ ಹಾಕಿ ಬರೆದಿಡಬೇಕು. ಮುಂದಿನ ಭೇಟಿಗೆ ಹೋಗುವಾಗ ಆ ನೋಟುಪುಸ್ತಕ ಜೊತೆಗಿರಲಿ.