ಬೌದ್ಧಿಕ ವಿಕಲತೆಯುಳ್ಳ ಮಕ್ಕಳು: ಅಗತ್ಯಗಳು ಮತ್ತು ಹಕ್ಕುಗಳು

ಹಿಂದೆ ಬುದ್ಧಿಮಾಂದ್ಯತೆ ಎಂದು ಕರೆಯಲಾಗುತ್ತಿದ್ದ ಬೌದ್ಧಿಕ ವಿಕಲತೆಯು ಮಾನಸಿಕ ಕಾಯಿಲೆಯಲ್ಲ. ಅದು ಬೆಳವಣಿಗೆಯ ವಯಸ್ಸಿನಲ್ಲಿಯೇ ಕಾಣಿಸಿಕೊಂಡು, ಕಲಿಕೆ, ವಿವೇಚನೆ ಹಾಗೂ ದೈನಂದಿನ ವ್ಯವಹಾರಗಳಿಗೆ ಮಿತಿಯನ್ನೊಡ್ಡುವ ಒಂದು ಸ್ಥಿತಿ. ಇದು ತಂದೆತಾಯಿಗಳ ಪಾಪದ ಫಲವಲ್ಲ. ಮದುವೆಯಿಂದ ನೀಗುವಂಥದ್ದೂ ಅಲ್ಲ. ಇಂತಹ ಮಗು ಕಲಿಯಲಾರದೆಂಬ ಭಾವನೆಯೂ ಸರಿಯಲ್ಲ. ಅದು ಕಲಿಯುತ್ತದೆ, ಹೆಚ್ಚು ಕಾಲ ಬೇಕಾಗುತ್ತದೆ, ಅಷ್ಟೆ.

ಪೌಷ್ಟಿಕ ಆಹಾರ, ಲಸಿಕೆ, ಆಟ, ಒಡನಾಟ ಮತ್ತು ವಾತ್ಸಲ್ಯ ಎಲ್ಲ ಮಕ್ಕಳಿಗೂ ಅಗತ್ಯವಾಗಿರುವಂತೆ ಈ ಮಕ್ಕಳಿಗೂ ಅಗತ್ಯ. ಇದರೊಡನೆ ಬಾಲ್ಯದಿಂದಲೇ ತರಬೇತಿಯೂ ದೊರೆಯಬೇಕು. ಉದಾಹರಣೆಗೆ, ಅಂಗಿ ತೊಡುವುದನ್ನು ಕಲಿಸುವಾಗ ತಾಯಿಯು ಉಳಿದೆಲ್ಲವನ್ನೂ ತಾನೇ ಮಾಡಿ, ಕೊನೆಯ ಗುಂಡಿಯೊಂದನ್ನು ಮಾತ್ರ ಮಗುವಿಗೆ ಬಿಡಬಹುದು. ಅದು ರೂಢಿಯಾದ ಮೇಲೆ ಎರಡು, ಅನಂತರ ಮೂರು ಗುಂಡಿಗಳನ್ನು ಬಿಡಬಹುದು. ಕೆಲಸವನ್ನು ತಾನೇ ಮುಗಿಸಿದೆನೆಂಬ ಸಂತೋಷವು ಮಗುವನ್ನು ಮುಂದಿನ ಹಂತಕ್ಕೆ ಕೊಂಡೊಯ್ಯುತ್ತದೆ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ, ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳ 6ರಿಂದ 18 ವರ್ಷದ ಪ್ರತಿಯೊಂದು ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಅಥವಾ ಇಚ್ಛಿಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ವಿಕಲತೆಯ ಪ್ರಮಾಣಪತ್ರವು ದೇಶದಾದ್ಯಂತ ಮಾನ್ಯವಾಗಿರುತ್ತದೆ. ಆದ್ದರಿಂದ ಉದ್ಯೋಗನಿಮಿತ್ತ ರಾಜ್ಯದಿಂದ ರಾಜ್ಯಕ್ಕೆ ತೆರಳುವ ಕುಟುಂಬಗಳು ಅದನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

"ನಮ್ಮ ನಂತರ ಈ ಮಗುವಿಗೆ ಯಾರು ದಿಕ್ಕು?" ಎಂಬುದು ತಂದೆತಾಯಿಗಳನ್ನು ಬಹುವಾಗಿ ಕಾಡುವ ಪ್ರಶ್ನೆ. ಮಗುವಿಗೆ 18 ವರ್ಷ ತುಂಬಿದೊಡನೆ ತಂದೆತಾಯಿಗಳ ಸಹಜ ಪಾಲಕತ್ವವು ಕಾನೂನಿನ ದೃಷ್ಟಿಯಲ್ಲಿ ಕೊನೆಗೊಳ್ಳುತ್ತದೆಂಬುದು ಹಲವರಿಗೆ ತಿಳಿದಿಲ್ಲ. ಇದಕ್ಕಾಗಿ ರಾಷ್ಟ್ರೀಯ ನ್ಯಾಸ ಅಧಿನಿಯಮ, 1999ರ ಮೇರೆಗೆ ಸ್ಥಳೀಯ ಮಟ್ಟದ ಸಮಿತಿಗಳನ್ನು ರಚಿಸಲಾಗುತ್ತದೆ. ತಂದೆತಾಯಿಗಳು ಅಥವಾ ಬಂಧುಗಳು ತಮ್ಮ ಪ್ರದೇಶದ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಪಾಲಕರ ಅಗತ್ಯವಿದೆಯೇ, ಯಾವ ಉದ್ದೇಶಕ್ಕೆ ಎಂಬುದನ್ನು ಸಮಿತಿಯು ಪರಿಶೀಲಿಸಿ ನೇಮಕ ಮಾಡುತ್ತದೆ. ನೇಮಕಗೊಂಡ ಪಾಲಕರು 6 ತಿಂಗಳೊಳಗೆ ಆಸ್ತಿಯ ವಿವರಪಟ್ಟಿಯನ್ನೂ ಪ್ರತಿವರ್ಷ ಲೆಕ್ಕಪತ್ರವನ್ನೂ ಒಪ್ಪಿಸಬೇಕು. ಪಾಲಕರು ನಿರ್ಲಕ್ಷ್ಯ ತೋರಿದಲ್ಲಿ ಅಥವಾ ಆಸ್ತಿಯನ್ನು ದುರುಪಯೋಗಪಡಿಸಿಕೊಂಡಲ್ಲಿ ಅವರನ್ನು ತೆಗೆದುಹಾಕುವಂತೆ ಸಮಿತಿಯನ್ನು ಕೋರಲು ಅವಕಾಶವಿದೆ.

ಪಾಲಕತ್ವವು ಒಡೆತನವಲ್ಲ. ತನ್ನ ಉಡುಪು, ಊಟ ಮತ್ತು ಗೆಳೆತನಗಳ ಬಗ್ಗೆ ಆ ವ್ಯಕ್ತಿಯು ಸೂಚಿಸುವ ಇಷ್ಟಾನಿಷ್ಟಗಳನ್ನು ಮನ್ನಿಸುವುದು ಕುಟುಂಬದ ಹಾಗೂ ಸಮಾಜದ ಕರ್ತವ್ಯ.